ಕುಲಾವಿಯ ಲೆಕ್ಕ: ವೈರಸ್ ಕವಚದ ರೇಖಾಗಣಿತ

(ಬಾಗಲಕೋಟೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಮೂವತ್ತು ವರ್ಷ ಗಣಿತ ಕಲಿಸಿದ ಮಾಸ್ತರನಿಗೆ ವೈರಸ್ಸಿನ ಬಗ್ಗೆ ಮಾತನಾಡಲು ಏನು ಅಧಿಕಾರ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ವೈರಸ್ಸು ತರುವ ರೋಗದ ಬಗ್ಗೆ ಮಾತನಾಡುವ ಅಧಿಕಾರ ನನಗಿಲ್ಲ. ಅದು ತೊಟ್ಟುಕೊಳ್ಳುವ ಅಂಗಿಯ ಬಗ್ಗೆ, ಅಂದರೆ ಅದರ ಹೊರಕವಚದ ಆಕಾರದ ಬಗ್ಗೆ ಮಾತನಾಡುತ್ತೇನೆ. ಆ ಆಕಾರ ಶುದ್ಧ ರೇಖಾಗಣಿತ. ಮೊದಲು, ಚಪ್ಪಟೆ ಹಾಳೆಯೊಂದು ಚೆಂಡಾಗಿ ಮುಚ್ಚಿಕೊಳ್ಳಬೇಕಾದರೆ ಎಷ್ಟನ್ನು ಬಿಟ್ಟುಕೊಡಬೇಕು ಎಂಬ ಲೆಕ್ಕ ನೋಡೋಣ. ಆಮೇಲೆ ವೈರಸ್ಸಿಗೆ ಆ ಲೆಕ್ಕದ ಅಗತ್ಯ ಏಕೆ ಬಿತ್ತು ಎಂಬ ವಿಚಾರ. ಮೂರನೆಯದಾಗಿ ಬೆಂಗಳೂರಿನಲ್ಲಿ ಅಗಸೆ ಮರದ ವೈರಸ್ಸೊಂದರ ಮೇಲೆ ನಡೆದ ಕೆಲಸ. ಕೊನೆಗೆ ನಮ್ಮ ಜಿಲ್ಲೆಯ ಹೊಲಕ್ಕೂ ದನದ ಕೊಟ್ಟಿಗೆಗೂ ಬರುತ್ತೇನೆ.

ನಾನು ಹುಟ್ಟಿದ್ದು ಗುಳೇದಗುಡ್ಡದ ನೇಕಾರರ ಮನೆಯಲ್ಲಿ. ಅಪ್ಪ ಖಣ ನೇಯುತ್ತಿದ್ದ. ಮಿಕ್ಕ ತುಂಡುಗಳಲ್ಲಿ ಅವ್ವ ಓಣಿಯ ಕೂಸುಗಳಿಗೆ ಕುಲಾವಿ ಹೊಲಿಯುತ್ತಿದ್ದಳು. ಮಗ್ಗದಿಂದ ಇಳಿದ ಬಟ್ಟೆ ಚಪ್ಪಟೆ, ಕೂಸಿನ ತಲೆ ಗುಂಡಗೆ. ಇವೆರಡನ್ನೂ ಹೇಗೆ ಹೊಂದಿಸುತ್ತೀ ಎಂದು ಒಮ್ಮೆ ಕೇಳಿದೆ. ಅವ್ವ ಅಂದಳು: "ಒಂದೀಟು ಕತ್ತರಿಸಿ ತಗೀಬೇಕು, ತಗದಲ್ಲಿ ಅಂಚಿಗೆ ಅಂಚು ಕೂಡಿಸಿ ಹೊಲೀಬೇಕು. ಬಟ್ಟಿ ತಾನ ಉಬ್ಬತೈತಿ." ಕುಬಸ ಹೊಲಿಯುವ ಟೇಲರ್ ಟಕ್ಸ್ ಹಿಡಿಯುವುದೂ ಇದೇ ಕಾರಣಕ್ಕೆ. ಆ ಮಾತಿನಲ್ಲಿ ಒಂದು ಪ್ರಮೇಯ ಅಡಗಿದೆ ಎಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ.

ಆ ಪ್ರಮೇಯವನ್ನು ಈಗ ಬಿಡಿಸಿ ನೋಡೋಣ. ಸಮಬಾಹು ತ್ರಿಭುಜಗಳನ್ನು ಮೇಜಿನ ಮೇಲೆ ಒಂದು ಬಿಂದುವಿನ ಸುತ್ತ ಜೋಡಿಸಿರಿ. ಒಂದೊಂದರ ಕೋನ 60 ಡಿಗ್ರಿ. ಆರು ಕೂಡಿದರೆ 360. ಸಂದಿಲ್ಲದೆ, ಉಬ್ಬಿಲ್ಲದೆ ಚಪ್ಪಟೆಯಾಗಿ ಕೂರುತ್ತವೆ. ಒಂದನ್ನು ತೆಗೆದು, ಉಳಿದ ಐದರ ಅಂಚುಗಳನ್ನು ಕೂಡಿಸಿರಿ. ನಡುವಿನ ಬಿಂದು ಟೊಪ್ಪಿಗೆಯ ತುದಿಯಂತೆ ಮೇಲೇಳುತ್ತದೆ. ನಾವು ಬಿಟ್ಟುಕೊಟ್ಟದ್ದು 60 ಡಿಗ್ರಿ. ಹೀಗೆ ಪ್ರತಿ ಬಿಂದುವಿನಲ್ಲೂ ಐದೈದು ತ್ರಿಭುಜ ಬರುವಂತೆ ಮುಂದುವರಿಸಿದರೆ ಇಪ್ಪತ್ತನೆಯ ತ್ರಿಭುಜಕ್ಕೆ ಆಕೃತಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ಪ್ಲೇಟೊನ ಕಾಲದಿಂದ ಗೊತ್ತಿರುವ ಐದು ನಿಯತ ಘನಗಳಲ್ಲಿ ಇದೊಂದು, ಐಕೋಸಾಹೆಡ್ರನ್. ಇಂದಿನ ಮಟ್ಟಿಗೆ ಇದನ್ನು ವಿಂಶತಿಮುಖಿ ಎಂದು ಕರೆಯೋಣ. ಅದರ ಶೃಂಗಗಳು 12. ಒಂದೊಂದರಲ್ಲೂ 60 ಡಿಗ್ರಿ ಹೋಗಿದೆ, ಒಟ್ಟು 720. ಈಗ ಒಂದು ಪೆಟ್ಟಿಗೆಯನ್ನು ನೋಡಿರಿ. ಪ್ರತಿ ಮೂಲೆಯಲ್ಲಿ ಮೂರು ಲಂಬಕೋನ, ಅಂದರೆ 270. ಕಳೆದದ್ದು 90. ಮೂಲೆಗಳು ಎಂಟು. ಒಟ್ಟು ಮತ್ತೆ 720! ಹದಿನೇಳನೆಯ ಶತಮಾನದಲ್ಲಿ ದೆಕಾರ್ತ್ ಕಂಡುಕೊಂಡ ಸತ್ಯ ಇದು. ತೂತಿಲ್ಲದ, ಮುಚ್ಚಿದ ಯಾವುದೇ ಬಹುಮುಖಿ ಘನವನ್ನು ತೆಗೆದುಕೊಳ್ಳಿರಿ, ಮೂಲೆಗಳಲ್ಲಿ ಕಳೆದ ಕೋನಗಳ ಮೊತ್ತ 720 ಡಿಗ್ರಿ. ಮುಚ್ಚಿಕೊಳ್ಳಲು ತೆರಬೇಕಾದ ಸುಂಕ ಅಷ್ಟು. ಕಂತು ಹೇಗೆ ಮಾಡುತ್ತೀರಿ ಎಂಬುದು ನಿಮಗೆ ಬಿಟ್ಟದ್ದು.

ಇದೇ ಸತ್ಯದ ಇನ್ನೊಂದು ಮುಖ ನಿಮ್ಮ ಶಾಲಾ ಪಠ್ಯದ ಆಯ್ಲರ್ ಸೂತ್ರ: ಶೃಂಗಗಳಿಂದ ಅಂಚುಗಳನ್ನು ಕಳೆದು ಮುಖಗಳನ್ನು ಕೂಡಿಸಿದರೆ 2. ಷಡ್ಭುಜ ಮತ್ತು ಪಂಚಭುಜಗಳಿಂದ ಮಾತ್ರ, ಪ್ರತಿ ಶೃಂಗದಲ್ಲಿ ಮೂರು ಮುಖ ಸೇರುವಂತೆ ಒಂದು ಚೆಂಡು ಕಟ್ಟುತ್ತೀರಿ ಎನ್ನಿ. ಒಂದು ಷಡ್ಭುಜದ ಆರು ಅಂಚುಗಳಲ್ಲಿ ಅದರ ಪಾಲು ಅರ್ಧ, ಅಂದರೆ 3. ಆರು ಶೃಂಗಗಳಲ್ಲಿ ಅದರ ಪಾಲು ಮೂರರಲ್ಲೊಂದು, ಅಂದರೆ 2. ಮುಖ 1. ಎರಡರಿಂದ ಮೂರು ಕಳೆದು ಒಂದು ಕೂಡಿಸಿದರೆ ಸೊನ್ನೆ. ಷಡ್ಭುಜ ಎಷ್ಟೇ ಇರಲಿ, ಲೆಕ್ಕಕ್ಕೆ ಅದರ ಕೊಡುಗೆ ಇಲ್ಲ. ಪಂಚಭುಜಕ್ಕೆ ಇದೇ ಲೆಕ್ಕ ಹಾಕಿದರೆ ಆರರಲ್ಲೊಂದು ಪಾಲು ಉಳಿಯುತ್ತದೆ. ಮೊತ್ತ 2 ಆಗಬೇಕಾದರೆ ಪಂಚಭುಜಗಳು ಹನ್ನೆರಡೇ ಇರಬೇಕು. ಹನ್ನೊಂದೂ ಸಲ್ಲದು, ಹದಿಮೂರೂ ಸಲ್ಲದು. ಕಪ್ಪು ಬಿಳಿ ತುಂಡುಗಳ ಹಳೆಯ ಕಾಲ್ಚೆಂಡನ್ನು ಸಂಜೆ ಮನೆಗೆ ಹೋಗಿ ಎಣಿಸಿರಿ: ಬಿಳಿಯ ಷಡ್ಭುಜ 20, ಕಪ್ಪು ಪಂಚಭುಜ 12. ಈ ಹನ್ನೆರಡನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿರಿ. ಇಡೀ ಉಪನ್ಯಾಸ ಅದರ ಸುತ್ತ ತಿರುಗುತ್ತದೆ.

ಇಲ್ಲಿಂದ ಎರಡನೆಯ ವಿಷಯಕ್ಕೆ ಹೋಗುವ ದಾರಿಯಲ್ಲಿ ನಮ್ಮ ಗುಡಿಗಳ ಮುಂದೆ ಒಂದು ಗಳಿಗೆ ನಿಲ್ಲೋಣ. ಪಟ್ಟದಕಲ್ಲಿನಲ್ಲಿ ಇಮ್ಮಡಿ ವಿಕ್ರಮಾದಿತ್ಯನ ರಾಣಿಯರು, ಅಕ್ಕತಂಗಿಯರು, ಪಕ್ಕಪಕ್ಕದಲ್ಲಿ ಕಟ್ಟಿಸಿದ ಎರಡು ಗುಡಿಗಳಿವೆ. ವಿರೂಪಾಕ್ಷನ ಶಿಖರ ಚೌಕ, ಮಲ್ಲಿಕಾರ್ಜುನನದು ಗುಂಡು. ಬಾದಾಮಿಯ ಮಾಲೆಗಿತ್ತಿ ಶಿವಾಲಯದ ಶಿಖರಕ್ಕೆ ಎಂಟು ಮುಖ. ಆಕಾರ ಬೇರೆಯಾದರೂ ಮೂರಕ್ಕೂ ಸಾಮಾನ್ಯವಾದದ್ದೊಂದಿದೆ. ಕಳಸದಿಂದ ಗರ್ಭಗುಡಿಗೆ ಇಳಿಯುವ ಒಂದು ಲಂಬರೇಖೆ. ಉಳಿದದ್ದೆಲ್ಲ ಅದರ ಸುತ್ತ ತಿರುಗುತ್ತದೆ. ಗುಡಿಗೆ ನೆಲವಿದೆ, ಆಕಾಶವಿದೆ, ಆದ್ದರಿಂದ ಅಡಿಯ ಕಲ್ಲು ಬೇರೆ, ಮುಡಿಯ ಕಲ್ಲು ಬೇರೆ. ನೀರಿನಲ್ಲಿ ತೇಲುವ ವೈರಸ್ಸಿಗೆ ಮೇಲು ಕೆಳಗು ಎಂಬುದೇ ಇಲ್ಲ. ಯಾವ ಕಡೆಯಿಂದ ನೋಡಿದರೂ ಒಂದೇ ಕಲ್ಲು, ಒಂದೇ ಬಗೆಯ ಜೋಡಣೆ ಇರಬೇಕು. ಅಂಥ ಎಲ್ಲ ದಿಕ್ಕಿನ ಸಮಮಿತಿಗೆ ರೇಖಾಗಣಿತ ಕೊಡುವ ಆಯ್ಕೆಗಳು ಕೆಲವೇ. ಚತುರ್ಮುಖಿಯನ್ನು ತಿರುಗಿಸಿ ಮೊದಲಿದ್ದಂತೆಯೇ ಕೂರಿಸಲು 12 ವಿಧಾನ, ಘನಚೌಕಕ್ಕೆ 24, ವಿಂಶತಿಮುಖಿಗೆ 60. ಅದಕ್ಕಿಂತ ಹೆಚ್ಚಿನದು ಇಲ್ಲ. ಒಂದೇ ಅಚ್ಚಿನ ತುಣುಕುಗಳಿಂದ ಆದಷ್ಟು ದೊಡ್ಡ ಕೋಣೆ ಕಟ್ಟಬೇಕೆಂದರೆ, ವಿಧಾನಕ್ಕೊಂದರಂತೆ 60 ತುಣುಕಿನ ವಿಂಶತಿಮುಖಿಯೇ ಲಾಭದ ವ್ಯಾಪಾರ.

ಆದರೆ ಒಂದೇ ಅಚ್ಚಿನ ತುಣುಕುಗಳೇ ಏಕೆ ಬೇಕು? ಇದಕ್ಕೆ ಉತ್ತರವನ್ನು 1956ರಲ್ಲಿ ಫ್ರಾನ್ಸಿಸ್ ಕ್ರಿಕ್ ಮತ್ತು ಜೇಮ್ಸ್ ವಾಟ್ಸನ್ ತರ್ಕದಿಂದಲೇ ಹೇಳಿದ್ದರು. ಬಡವನ ಲೆಕ್ಕದಂತಿರುವ ಆ ತರ್ಕ ನನಗೆ ಬಹಳ ಇಷ್ಟ. ವೈರಸ್ಸೆಂದರೆ ಮೂಲತಃ ಒಂದು ದಾರ, ಆರ್‌ಎನ್‌ಎ ಅಥವಾ ಡಿಎನ್‌ಎ. ಕವಚದ ಪ್ರೋಟೀನನ್ನು ಹೇಗೆ ಕಟ್ಟಬೇಕೆಂಬ ಬರಹ ಆ ದಾರದಲ್ಲೇ ಇದೆ. ಪ್ರೋಟೀನು ಅಮೈನೊ ಆಮ್ಲಗಳೆಂಬ ಮಣಿಗಳ ಸರ. ಅದರ ಒಂದು ಮಣಿಗೆ ದಾರದ ಮೂರು ಅಕ್ಷರ ಬೇಕು. ಆ ಮೂರು ಅಕ್ಷರಗಳ ತೂಕ ಮಣಿಯ ತೂಕದ ಸುಮಾರು ಒಂಬತ್ತರಷ್ಟು. ಅಂದರೆ ದಾರ ತನ್ನನ್ನು ಮುಚ್ಚುವಷ್ಟು ದೊಡ್ಡ ಒಂದೇ ಪ್ರೋಟೀನನ್ನು ಬರೆದಿಟ್ಟುಕೊಳ್ಳಲು ಸಾಧ್ಯವೇ ಇಲ್ಲ. ಆಗಲೇ ಹೇಳಿದ ಅಗಸೆ ಮರದ ವೈರಸ್ಸನ್ನೇ ತೆಗೆದುಕೊಳ್ಳೋಣ. ಅದರ ದಾರದ ಉದ್ದ ಸುಮಾರು 4,100 ಅಕ್ಷರ. ಕವಚದ ತೂಕ ದಾರದ ತೂಕಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಆದರೂ ಕವಚಕ್ಕಾಗಿ ಅದು ಖರ್ಚು ಮಾಡಿರುವುದು 800 ಚಿಲ್ಲರೆ ಅಕ್ಷರ ಮಾತ್ರ. 268 ಮಣಿಗಳ ಒಂದು ಸಣ್ಣ ಪ್ರೋಟೀನನ್ನು ಬರೆದುಕೊಂಡು, ಅದನ್ನೇ ಮತ್ತೆ ಮತ್ತೆ ಅಚ್ಚು ಹಾಕಿ, ಜೋಡಿಸಿಕೊಳ್ಳುತ್ತದೆ. ಜೋಡಿಸಲು ಕೆಲಸಗಾರರಿಲ್ಲ. ತುಣುಕುಗಳು ತಾವಾಗಿಯೇ ಕೂಡಿಕೊಳ್ಳುತ್ತವೆ.

ಈಗ ತೊಡಕಿನ ಭಾಗಕ್ಕೆ ಬಂದೆವು. ವಿಂಶತಿಮುಖಿಯಲ್ಲಿ ನಿಖರವಾಗಿ ಒಂದೇ ರೀತಿಯ ಸ್ಥಾನಗಳು 60 ಮಾತ್ರ. ಆದರೆ ನಿಜವಾದ ವೈರಸ್ಸುಗಳಲ್ಲಿ ಎಣಿಸಿದರೆ 180, 240, 420 ತುಣುಕುಗಳೂ ಸಿಗುತ್ತವೆ. ಈ ಒಗಟನ್ನು 1962ರಲ್ಲಿ ಡೊನಾಲ್ಡ್ ಕ್ಯಾಸ್ಪರ್ ಮತ್ತು ಆರನ್ ಕ್ಲೂಗ್ ಬಿಡಿಸಿದರು. ಕ್ಲೂಗ್ ಈ ದಾರಿ ಹಿಡಿದದ್ದು ಲಂಡನ್ನಿನಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಜೊತೆ ಕೆಲಸ ಮಾಡುವಾಗ. ಡಿಎನ್‌ಎ ಚಿತ್ರಗಳಿಂದ ನಾವು ಆಕೆಯನ್ನು ಬಲ್ಲೆವು. ಆ ಬಳಿಕ ಆಕೆ ವೈರಸ್ಸುಗಳತ್ತ ತಿರುಗಿ, ಪೋಲಿಯೊ ವೈರಸ್ಸಿನ ಕೆಲಸ ಆರಂಭಿಸಿದ್ದಾಗ, 1958ರಲ್ಲಿ, 37ರ ವಯಸ್ಸಿಗೇ ತೀರಿಕೊಂಡರು. ಪೋಲಿಯೊ ಕವಚ ವಿಂಶತಿಮುಖಿಯ ಸಮಮಿತಿಯದು ಎಂದು ಮರುವರ್ಷ ಕ್ಲೂಗ್ ಮತ್ತು ಜಾನ್ ಫಿಂಚ್ ಪ್ರಕಟಿಸಿದ ಲೇಖನ ಆಕೆಯ ನೆನಪಿಗೆ ಅರ್ಪಿತವಾಯಿತು. ಈ ಹೆಸರನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

ಕ್ಯಾಸ್ಪರ್ ಮತ್ತು ಕ್ಲೂಗ್ ಹೇಳಿದ್ದಿಷ್ಟು. ಜೇನುಗೂಡಿನಂಥ ಷಡ್ಭುಜಗಳ ಚಪ್ಪಟೆ ಹಾಳೆಯಿಂದ ಶುರುಮಾಡಿರಿ. ಒಂದು ಷಡ್ಭುಜದ ನಡುವೆ ನಿಂತು ನೇರ ಕೆಲವು ಮನೆ ನಡೆಯಿರಿ, 60 ಡಿಗ್ರಿ ಹೊರಳಿ ಇನ್ನು ಕೆಲವು ಮನೆ ನಡೆಯಿರಿ. ಹೊರಟ ಮನೆ, ತಲುಪಿದ ಮನೆ ಎರಡನ್ನೂ ಪಂಚಭುಜ ಮಾಡಿರಿ. ಇದೇ ಅಳತೆಯಲ್ಲಿ ಹನ್ನೆರಡು ಕಡೆ ಮಾಡಿದರೆ ಹಾಳೆ ಮುಚ್ಚಿಕೊಳ್ಳುತ್ತದೆ. ಮೊದಲ ನಡಿಗೆಯ ವರ್ಗ, ಎರಡನೆಯದರ ವರ್ಗ, ಎರಡರ ಗುಣಲಬ್ಧ, ಈ ಮೂರರ ಮೊತ್ತವೇ ಟಿ-ಸಂಖ್ಯೆ. ಆದ್ದರಿಂದ 1, 3, 4, 7, 9, 12, 13 ಬರಬಹುದು. 2, 5, 6 ಬರುವಂತಿಲ್ಲ. ತುಣುಕುಗಳ ಸಂಖ್ಯೆ ಟಿಯ ಅರವತ್ತು ಪಟ್ಟು. ಒಂದು ಮನೆ ನಡೆದು, ಹೊರಳಿ, ಇನ್ನೊಂದು ಮನೆ ನಡೆದರೆ ಟಿ 3. ಆಗ ಸಿಗುವುದು ನಮ್ಮ ಕಾಲ್ಚೆಂಡೇ! ಹನ್ನೆರಡು ಪಂಚಭುಜದಲ್ಲಿ ಐದೈದರಂತೆ 60 ತುಣುಕು, ಇಪ್ಪತ್ತು ಷಡ್ಭುಜದಲ್ಲಿ ಆರಾರರಂತೆ 120, ಒಟ್ಟು 180. ಆದರೆ ಐವರ ಗುಂಪಿನಲ್ಲಿ ನಿಂತ ತುಣುಕಿನ ಸ್ಥಿತಿಯೂ ಆರು ಜನರ ಗುಂಪಿನಲ್ಲಿ ನಿಂತದ್ದರ ಸ್ಥಿತಿಯೂ ಪೂರ್ತಿ ಒಂದೇ ಅಲ್ಲ. ಒಂದೇ ಪ್ರೋಟೀನು ಸ್ಥಳಕ್ಕೆ ತಕ್ಕಂತೆ ಸ್ವಲ್ಪ ಬಾಗಿಕೊಳ್ಳಬೇಕು. ಕುಲಾವಿಯ ಹೊಲಿಗೆಯ ಹತ್ತಿರದ ಎಳೆ, ನಡು ಬಟ್ಟೆಯ ಎಳೆ ಎರಡೂ ಒಂದೇ ಲಡಿಯ ನೂಲು. ಎಳೆತ ಮಾತ್ರ ಬೇರೆ.

ಮೂರನೆಯ ವಿಷಯಕ್ಕೆ ಬರುತ್ತೇನೆ. ಯಾವ ತುಣುಕು ಹೇಗೆ ಬಾಗಬೇಕೆಂದು ಯಾರು ಹೇಳುತ್ತಾರೆ? ಈ ಪ್ರಶ್ನೆಯನ್ನು ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಆರ್.ಎನ್. ಮೂರ್ತಿ ಮತ್ತು ಎಚ್.ಎಸ್. ಸಾವಿತ್ರಿ ಅವರ ತಂಡಗಳು ವರ್ಷಗಟ್ಟಲೆ ಬೆನ್ನು ಹತ್ತಿದವು. ಮೂರ್ತಿಯವರದು ಜಿ.ಎನ್. ರಾಮಚಂದ್ರನ್ ಕಟ್ಟಿದ ಅಣುಜೀವಭೌತ ಘಟಕ, ಸಾವಿತ್ರಿಯವರದು ಜೀವರಸಾಯನ ವಿಭಾಗ. ಅವರು ಆರಿಸಿಕೊಂಡದ್ದು ತಿರುಪತಿಯ ಸುತ್ತಿನ ಹೊಲಗಳಲ್ಲಿ ಅಗಸೆ ಮರಕ್ಕೆ ತಗಲುವ ಒಂದು ವೈರಸ್ಸನ್ನು. ಅಗಸಿ ಎಂದರೆ ನಮ್ಮ ಕಡೆ ಚಟ್ನಿಪುಡಿಯ ಬೀಜವೂ ಹೌದು, ಊರ ಹೆಬ್ಬಾಗಿಲೂ ಹೌದು. ನಾನು ಹೇಳುತ್ತಿರುವುದು ಎಲೆಬಳ್ಳಿ ತೋಟದಲ್ಲಿ ಬಳ್ಳಿಗೆ ಆಸರೆಯಾಗಿ ನೆಡುವ, ದೊಡ್ಡ ಹೂವಿನ ಅಗಸೆ ಮರ. ವೈರಸ್ಸಿನ ಅಡ್ಡಳತೆ ಸುಮಾರು 30 ನ್ಯಾನೊಮೀಟರ್. ಮೂರು ಮಿಲಿಮೀಟರ್ ಉದ್ದದ ಎಳ್ಳಿನ ಕಾಳಿನ ಮೇಲೆ ಒಂದು ಲಕ್ಷ ವೈರಸ್ಸನ್ನು ಸಾಲಾಗಿ ಕೂರಿಸಬಹುದು. ಇಷ್ಟು ಸಣ್ಣದನ್ನು ಕಾಣುವ ಬಗೆ ಹೀಗೆ: ಕಲ್ಲುಸಕ್ಕರೆ ಹರಳುಗಟ್ಟುವಂತೆ ಕೋಟ್ಯಂತರ ವೈರಸ್ ಕಣಗಳನ್ನು ಹರಳುಗಟ್ಟಿಸಿ, ಅದರ ಮೂಲಕ ಕ್ಷ-ಕಿರಣ ಹಾಯಿಸಿ, ಚದುರಿದ ಚುಕ್ಕೆಗಳ ವಿನ್ಯಾಸದಿಂದ ಪರಮಾಣುಗಳ ಸ್ಥಾನವನ್ನು ಲೆಕ್ಕ ಹಾಕುವುದು. 1995ರಲ್ಲಿ 3 ಆಂಗ್‌ಸ್ಟ್ರಾಮ್ ಸೂಕ್ಷ್ಮತೆಯ ರಚನೆ ಪ್ರಕಟವಾಯಿತು.

ಅದರಲ್ಲಿ ಕಂಡದ್ದು ಟಿ 3, ನಮ್ಮ ಕಾಲ್ಚೆಂಡಿನ ಲೆಕ್ಕವೇ. ಒಂದೇ ಪ್ರೋಟೀನು ಮೂರು ಭಂಗಿಗಳಲ್ಲಿತ್ತು. ಐವರ ಗುಂಪುಗಳಲ್ಲಿ ಎ, ಆರರ ಗುಂಪುಗಳಲ್ಲಿ ಬಿ ಮತ್ತು ಸಿ, ತಲಾ 60. ತುಣುಕುಗಳ ಸಂದುಗಳಲ್ಲಿ ಕ್ಯಾಲ್ಸಿಯಂ ಕುಳಿತು ಬಿಗಿ ಹಿಡಿದಿತ್ತು. ಪ್ರೋಟೀನಿನ ಆರಂಭದ ತುದಿ, ಒಂದು ಸಡಿಲ ಬಾಲದಂಥ ಭಾಗ, ಎ ಮತ್ತು ಬಿಗಳಲ್ಲಿ ಅಸ್ಪಷ್ಟ. ಸಿಗಳಲ್ಲಿ ಮಾತ್ರ ಅದರ ಹೆಚ್ಚು ಭಾಗ ಸ್ಪಷ್ಟವಾಗಿ ಮಡಚಿಕೊಂಡಿತ್ತು. ಮೂರು ಮೂರು ಸಿಗಳ ಬಾಲಗಳು ಹೆಣೆದುಕೊಂಡು ಒಂದು ಉಂಗುರವಾಗಿದ್ದವು. ಇಂಥದೇ ಉಂಗುರವನ್ನು ಬೇರೆ ಸಸ್ಯ ವೈರಸ್ಸುಗಳಲ್ಲಿ ಮೊದಲೇ ಕಂಡಿದ್ದವರು, ಕವಚದ ಅಳತೆಯನ್ನು ನಿರ್ಧರಿಸುವ ಕೀಲಿ ಇದೇ ಇರಬೇಕೆಂದು ಊಹಿಸಿದ್ದರು.

ಬೆಂಗಳೂರಿನವರು ಆ ಊಹೆಯನ್ನು ಕತ್ತರಿ ಹಿಡಿದು ಪರೀಕ್ಷಿಸಿದರು. ಕವಚದ ಪ್ರೋಟೀನನ್ನು ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದಾಗ ವೈರಸ್ಸಿನ ಪೂರ್ತಿ ದಾರವಿಲ್ಲದ, ರೋಗ ತರಲಾರದ ಕವಚಗಳು ತಾವಾಗಿ ಕಟ್ಟಿಕೊಂಡವು. ಬಾಲದ 65 ಮಣಿಗಳನ್ನು ಕತ್ತರಿಸಿದ ಪ್ರೋಟೀನಿನಿಂದ 180ರ ಕವಚ ಆಗಲಿಲ್ಲ. 60 ತುಣುಕಿನ, ಟಿ 1ರ ಪುಟ್ಟ ಕವಚ ಆಯಿತು. ಬಾಲ ಹೋದರೆ ಷಡ್ಭುಜಗಳು ಹೋಗುತ್ತವೆ, ಹನ್ನೆರಡು ಪಂಚಭುಜ ಮಾತ್ರ ಉಳಿಯುತ್ತವೆ. ಕೀಲಿ ಬಾಲದಲ್ಲಿದೆ ಎಂಬುದು ಖಚಿತವಾಯಿತು. ಹಾಗಾದರೆ ಉಂಗುರ? ಉಂಗುರ ಕಟ್ಟುವ ಹನ್ನೆರಡು ಮಣಿಗಳನ್ನು, 48ರಿಂದ 59ರವರೆಗೆ, ಅಷ್ಟನ್ನೇ ತೆಗೆದು, ಉಳಿದ ಬಾಲವನ್ನು ಹಾಗೆಯೇ ಬಿಟ್ಟರು. 2008ರಲ್ಲಿ ಪ್ರಕಟವಾದ ಆ ರಚನೆಯಲ್ಲಿ ಉಂಗುರ ಇರಲಿಲ್ಲ, ಆದರೂ ಟಿ 3ರ ಪೂರ್ತಿ ಕವಚ ಇತ್ತು! ಉಂಗುರದಿಂದ ಕವಚ ಆಗುವುದಿಲ್ಲ, ಕವಚ ಆಗುವಾಗ ಉಂಗುರವೂ ಆಗುತ್ತದೆ ಎಂಬ ಅರ್ಥ ಹೊರಟಿತು. ಕಂಡದ್ದು ಚೆಂದವಾಗಿದೆ ಎಂಬ ಕಾರಣಕ್ಕೆ ಅದನ್ನೇ ಕಾರಣವೆಂದು ನಂಬದೆ ತೆಗೆದು ನೋಡಿದರಲ್ಲ, ವಿಜ್ಞಾನದ ವಿದ್ಯಾರ್ಥಿಗಳು ಈ ಪ್ರಯೋಗವನ್ನು ಓದಲೇಬೇಕೆಂದು ನಾನು ಹಟ ಹಿಡಿಯುವುದು ಅದಕ್ಕೇ.

ನಿಯಮ ಮೀರಿದವುಗಳನ್ನೂ ಇಲ್ಲಿ ಹೇಳಬೇಕು. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಪ್ಯಾಪಿಲೋಮಾ ವೈರಸ್ಸಿನ ಕವಚದಲ್ಲಿ ಟಿ 7ರ ಪ್ರಕಾರ 72 ಗುಂಪುಗಳಿವೆ. ಅವುಗಳಲ್ಲಿ 60 ಗುಂಪು ಆರರವು ಆಗಬೇಕಿತ್ತು. ಆದರೆ ಎಲ್ಲ 72ರಲ್ಲೂ ಇರುವುದು ಐದೇ ತುಣುಕು, ಒಟ್ಟು 360. ಕ್ಯಾಸ್ಪರ್ ಮತ್ತು ಕ್ಲೂಗ್ ಹೇಳಿದ ಸ್ಥಾನಗಳು ಸರಿ, ತುಂಬಿದ ರೀತಿ ಬೇರೆ. ಇಂಥವನ್ನೂ ಒಳಗೊಳ್ಳುವ ಹೊಸ ಹಾಸುಗಲ್ಲು ವಿನ್ಯಾಸಗಳನ್ನು 2004ರಲ್ಲಿ ರೈಡುನ್ ಟ್ವಾರಾಕ್ ಎಂಬ ಗಣಿತಜ್ಞೆ ಮುಂದಿಟ್ಟರು. ಇಲ್ಲಿ ಕುಳಿತಿರುವ ಹೆಣ್ಣುಮಕ್ಕಳಿಗೆ ಒಂದು ಮಾತು. ಈ ಕ್ಯಾನ್ಸರ್ ತಡೆಯುವ ಲಸಿಕೆಯಲ್ಲಿ ಇರುವುದು ಇಂಥ ಖಾಲಿ ಕವಚಗಳೇ, ಒಳಗೆ ದಾರವಿಲ್ಲದ ಅಂಗಿ.

ಈಗ ಹೊಲಕ್ಕೆ ಹೋಗೋಣ. ಬೆಂಡೆ ಬೆಳೆದವರಿಗೆ ಹಳದಿ ನಂಜು ರೋಗ ಗೊತ್ತು. ಎಲೆಯ ನರಗಳು ಹಳದಿಯಾಗಿ, ಕಾಯಿ ಬಿಳಿಚಿ, ಪೇಟೆಯಲ್ಲಿ ಬೆಲೆ ಸಿಗದಂತಾಗುತ್ತದೆ. ಬಿಳಿನೊಣ ಹೊತ್ತು ತರುವ ಈ ವೈರಸ್ಸು ಜೋಡಿ ಕವಚದ ಕುಲಕ್ಕೆ ಸೇರಿದ್ದು. ಹನ್ನೆರಡು ಪಂಚಭುಜಗಳ ಎರಡು ಪುಟ್ಟ ಚೆಂಡುಗಳಿಂದ ಒಂದೊಂದು ಪಂಚಭುಜ ಕಿತ್ತು, ಆ ಬಾಯಿಗಳನ್ನು ಒಂದಕ್ಕೊಂದು ಕೂಡಿಸಿದರೆ ಹೇಗೋ ಹಾಗೆ. ಹನ್ನೊಂದು ಮತ್ತು ಹನ್ನೊಂದು 22 ಗುಂಪು, ಐದರಂತೆ 110 ತುಣುಕು. ಈ ಕುಲದ ಡಿಎನ್‌ಎ ಅರ್ಧ ಉದ್ದದ್ದಾಗಿದ್ದರೆ ಒಂಟಿ ಚೆಂಡಿನಲ್ಲೇ ಹಿಡಿಸುತ್ತದೆ. ಪೂರ್ತಿ ಉದ್ದಕ್ಕೆ ಎರಡು ಕೋಣೆಯ ಮನೆ ಬೇಕು.

ಕೊನೆಯದಾಗಿ ಕೊಟ್ಟಿಗೆಗೆ ಬರುತ್ತೇನೆ. ಕಾಲುಬಾಯಿ ಬ್ಯಾನಿ ಬಂದ ಎತ್ತು ಜೊಲ್ಲು ಸುರಿಸುತ್ತ ಗೊರಸು ಊರಲಾರದೆ ನಿಂತದ್ದನ್ನು ನೋಡಿದವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ಅದರ ವೈರಸ್ಸಿನ ರಚನೆ 1989ರಲ್ಲಿ ಬೆಳಕಿಗೆ ಬಂತು. ಆ ಲೇಖನದ ಮೊದಲ ಹೆಸರು ರವಿ ಆಚಾರ್ಯ, ತಂಡ ಆಕ್ಸ್‌ಫರ್ಡಿನ ಡೇವಿಡ್ ಸ್ಟುವರ್ಟ್ ಅವರದು. ಈ ಕವಚವೂ ಹನ್ನೆರಡು ಐದುಮೂಲೆಯ ತುಣುಕುಗಳದೇ, ಆದರೆ ಅವುಗಳ ಜೋಡಣೆ ಬಹಳ ಸಡಿಲ. ಸ್ವಲ್ಪ ಹುಳಿಯಾದರೆ ಅಂಚುಗಳಲ್ಲಿರುವ ಹಿಸ್ಟಿಡಿನ್ ಮಣಿಗಳು ವಿದ್ಯುದಂಶ ಪಡೆದು ಒಂದನ್ನೊಂದು ತಳ್ಳುತ್ತವೆ, ಕವಚ ಹನ್ನೆರಡು ಹೋಳಾಗುತ್ತದೆ. ಬಿಸಿಗೂ ಹಾಗೆಯೇ ಆಗುತ್ತದೆ. ಲಸಿಕೆಯಲ್ಲಿ ಇರುವುದು ಕೊಂದ ವೈರಸ್ಸು. ಅದರ ಕವಚ ಇಡಿಯಾಗಿದ್ದರೆ ಮಾತ್ರ ದನದ ಮೈ ಅದನ್ನು ಚೆನ್ನಾಗಿ ಗುರುತಿಟ್ಟುಕೊಳ್ಳುತ್ತದೆ. ಹೋಳುಗಳು ಸೇರಿದರೆ ಬಲ ಬಹಳ ಕಡಿಮೆ. ಪಶುವೈದ್ಯರು ಮೇ ತಿಂಗಳ ಬಿಸಿಲಿನಲ್ಲಿ ಐಸ್ ಪೆಟ್ಟಿಗೆ ಹೊತ್ತು ಊರೂರು ತಿರುಗುವುದು ಈ ಹನ್ನೆರಡು ತುಣುಕು ಬಿಡಿಬಿಡಿಯಾಗದಿರಲಿ ಎಂದು.

ಆಕಾರ ಗೊತ್ತಾದ ಮೇಲೆ ಎಲ್ಲಿ ಬಿಗಿ ಮಾಡಬೇಕೆಂಬುದೂ ಗೊತ್ತಾಯಿತು. 2013ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಈ ವೈರಸ್ಸಿನ ಖಾಲಿ ಕವಚವನ್ನು ಕೃತಕವಾಗಿ ಬೆಳೆಸಿ, ಪ್ರೋಟೀನಿನ ಒಂದೇ ಒಂದು ಮಣಿಯನ್ನು ಬದಲಿಸಿದರು. 93ನೆಯ ಸ್ಥಾನದಲ್ಲಿ ಹಿಸ್ಟಿಡಿನ್ ತೆಗೆದು ಸಿಸ್ಟೀನ್ ಇಟ್ಟರು. ಪಕ್ಕಪಕ್ಕದ ಎರಡು ತುಣುಕುಗಳ ಸಿಸ್ಟೀನುಗಳು ಅಂಚಿನಲ್ಲಿ ಎದುರುಬದುರಾಗಿ ಗಂಧಕದ ಕೊಂಡಿ ಹಾಕಿಕೊಂಡವು. ಕವಚ ಬಿಸಿಯನ್ನೂ ಹುಳಿಯನ್ನೂ ತಾಳಿತು. ಹನ್ನೆರಡು ಪಂಚಭುಜಗಳಿಗೆ ಐದೈದು ಅಂಚು, ಇಬ್ಬರಿಗೆ ಒಂದೊಂದು ಹಂಚಿಕೊಂಡರೆ ಒಟ್ಟು ಮೂವತ್ತು ಅಂಚು. ಅವ್ವ ಹೇಳಿದಂತೆ ಅಂಚಿಗೆ ಅಂಚು ಕೂಡಿಸಿ, ಅಂಚಿಗೊಂದರಂತೆ ಮೂವತ್ತು ಟಾಕಾ ಹಾಕಿದ್ದಾರೆ.